ಮಳೆಗೆ ವಿಮೆಯಿಲ್ಲ

ಗೋಕಾಕ
ತಾ. ೧೫ ಮೇ ೧೯೩೮

ಚಿ. ಸೌ. ತಾಯವ್ವಳಿಗೆ ಅವ್ವನ ಆಶೀರ್ವಾದಗಳು. ಬಸವಣ್ಣನ ದಯೆಯಿಂದ ನಾನು ಇಲ್ಲಿ ನೆಟ್ಟಗಿದ್ದೇನೆ. ಹುಕ್ಕೇರಿಯಲ್ಲಿ ನೀನು, ಅಳಿಯಂದಿರು, ಮಕ್ಕಳು ಎಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಸಿಟ್ಟು ಬಂದರೂ ಅದನ್ನು ಅಲ್ಲೇ ಇಟ್ಟುಕೊ, ಅಂಚೆಗೆ ಹಾಕಬೇಡ. ಇಲ್ಲಿ ಶಾವಿಗೆ ಹೊಸೆಯುವ ಕೆಲಸ ಮುಗಿಯಲು ನಿನ್ನೆಯಾಯಿತು. ನಿನ್ನ ಪಾಲಿನ ಗಂಟು ಕಟ್ಟಿ ಇಟ್ಟಿದ್ದೇನೆ, ಯಾರಾದರೂ ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ.

ಅಳಿಯಂದಿರ ಪರಿಚಯದ ಅಣ್ಣಾಸಾಹೇಬರು ಬೆಳಗಾವಿಯಿಂದ ಕಳಿಸಿದ ವಿಮೆಯ ಏಜೆಂಟ ಶಿದ್ರಾಮ ಬಂದುಹೋದ. ಹುಡುಗ ಒಳ್ಳೆಯವನು. ಆದರೆ ಇಂಥ ಬಿಸಿಲಿನಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡುವವನ ಬುದ್ಧಿಯನ್ನು ಎಷ್ಟು ನಂಬಬೇಕೆಂಬುದು ನನಗೆ ತಿಳಿಯಲಿಲ್ಲ. ನಮ್ಮ ಗೋಡೆಗೆ ಹತ್ತಿದ ಬಾಡಿಗೆ ಮನೆಯನ್ನು ಹೊರಗಿನಿಂದ ಅಳೆದ, ಒಳಗಿನಿಂದ ಅಳೆದ. ಅಲ್ಲಿ ಬಾಡಿಗೆಗಿರುವ ನಮ್ಮ ಭರಮವ್ವ ಅವನಿಗೆ ಮಜ್ಜಿಗೆ ಕೊಟ್ಟಳು. ಕುಡಿದು ಮತ್ತೆ ಅವಳ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಲೆಗೂ ಗೋಡೆಗೂ ಎಷ್ಟು ಅಂತರ, ಕಟ್ಟಿಗೆ ಎಲ್ಲಿಡುತ್ತೀರಿ, ಹಿಂದಿನ ಹತ್ತಿ ವಖಾರಿಗೆ ಕಿಡಕಿ ಇದೆಯೋ ಇಲ್ಲವೋ, ಎಲ್ಲವನ್ನೂ ಕೇಳಿದ. ಭರಮವ್ವ ಸೆರಗಿನಲ್ಲಿ ನಗೆ ಮುಚ್ಚಿಕೊಂಡು, "ಅಕ್ಕಾರ, ಇವ್ರು ಹೆಣ್ಣ ನೋಡಾಕ ಬಂದಾಂಗ ನನ್ನ ಒಲೀನ ನೋಡಾಕತ್ತಾರಲ್ರಿ" ಎಂದಳು.

ವಿಮೆಯಲ್ಲಿ ಇಷ್ಟು ಬಗೆ ಇರುತ್ತವೆಂದು ನನಗೆ ಗೊತ್ತಿರಲಿಲ್ಲ. ಕಟ್ಟಡಕ್ಕೆ ಬೆಂಕಿ ಹತ್ತಿದರೆ ಒಂದು. ಕಟ್ಟಡ ಸುಟ್ಟು ಮತ್ತೆ ಏಳುವವರೆಗೆ ಬಾಡಿಗೆ ನಿಂತುಹೋಗುತ್ತದಲ್ಲ, ಅದನ್ನು ತುಂಬಿಕೊಡುವುದು ಇನ್ನೊಂದು. ದಂಗೆಯಾದರೆ ಅದಕ್ಕೆ ಬೇರೆ. "ಬಾಡಿಗಿಯವರ ಭಾಂಡೆ, ಅರಿವಿ, ಹಾಸಗಿ?" ಎಂದು ಕೇಳಿದೆ. "ಅವು ನಿಮ್ಮವಲ್ರಿ ಅವ್ವಾರ. ನಿಮ್ಮದಲ್ಲದ್ದಕ್ಕ ನೀವು ವಿಮಾ ಇಳಸಾಕ ಬರೂದಿಲ್ಲ. ನಿಮ್ಮ ಲುಕ್ಸಾನು ಏನ ಐತಿ, ಅದಷ್ಟ" ಎಂದ. ಮಳೆಗೆ ಏನಿದೆ ಎಂದು ಕೇಳಿದರೆ, "ಮಳಿಗಿ ವಿಮಾ ಇಲ್ರಿ. ಅದು ರಿಪೇರಿ ಬಾಬತ್ತು" ಎಂದು ಚೀಲ ಕಟ್ಟಿಕೊಂಡ.

ನಿನ್ನ ಅಪ್ಪ ಸಾಲಿ ಮಾಸ್ತರರಾಗಿ ಗಳಿಸಿದ್ದು ಆ ಮನೆಯೊಂದೇ. ಅದರ ಬಾಡಿಗೆಯಲ್ಲಿ ನನ್ನ ಹೊಟ್ಟೆ ನಡೆಯುತ್ತದೆ. ಆದ್ದರಿಂದ ಅಳಿಯಂದಿರು ಹೇಳಿದಂತೆಯೇ ಮಾಡಿದೆ. ಕಟ್ಟಡಕ್ಕೂ ಬಾಡಿಗೆಗೂ ಬೆಂಕಿಯ ವಿಮೆ ಇಳಿಸಿದೆ. ದಂಗೆ ಬಿಟ್ಟೆ. ನಮ್ಮ ಓಣಿಯಲ್ಲಿ ದಂಗೆಯೆಂದರೆ ನೀರಿಗೆ ಬಂದ ಹೆಂಗಸರ ಜಗಳ, ಅದಕ್ಕೆ ಕಂಪನಿಯವರು ಎಷ್ಟಂತ ಕೊಟ್ಟಾರು!

ಶಿದ್ರಾಮ ಹೋದ ಮೇಲೆ ಬಾಡಿಗೆ ಮನೆಯ ಮಾಳಿಗೆಗೆ ಮಣ್ಣು ಬಂತು. ಮಿರಗದ ಮಳೆ ಹತ್ತಿರ ಬಂತಲ್ಲ. ನಮ್ಮಲ್ಲಿ ಮೊದಲಿನಿಂದಲೂ ನಡೆದುಬಂದದ್ದು ನಿನಗೆ ಗೊತ್ತೇ ಇದೆ: ಸೋರದ ಹಾಗೆ ಮನೆಯ ಮಾಲಕರು ಬಂಡಿಯಲ್ಲಿ ಸವಳು ಮಣ್ಣು ತರಿಸುವುದು, ಬಾಡಿಗೆಯವರು ಅದನ್ನು ಮೇಲೆ ಹೊತ್ತು ಹರವಿ ತುಳಿಯುವುದು. ಭರಮವ್ವನ ಗಂಡ ಮಾಳಪ್ಪ ಬುಟ್ಟಿ ಏರಿಸಿದ, ಅವಳು ಮೇಲೆ ನಿಂತು ತುಳಿದಳು. ಅಲ್ಲಿಂದಲೇ ಕೂಗಿ, "ಅಕ್ಕಾರ, ಆ ಕರೀ ಕೋಟಿನವನ ಕಡೆ ಮಳಿಗಿ ವಿಮಾ ಇಲ್ಲಂದ್ರ ಹೋಗ್ಲಿ. ನಾವು ಹಾಕಾಕತ್ತಿದ್ದ ಇದು ಮಳೀ ವಿಮಾ ಅಲ್ರಿ?" ಎಂದಳು. ನಾನೂ ನಕ್ಕೆ.

ಮಕ್ಕಳಿಗೆ ನನ್ನ ಮುದ್ದು. ಅಳಿಯಂದಿರಿಗೆ ವಿಮೆ ಆಯಿತೆಂದು ಹೇಳು, ಅವರಿಗೆ ನಿದ್ದೆ ಬರಲಿ.

ನಿನ್ನ ಅವ್ವ
ಬಾಳವ್ವ

*

ಗೋಕಾಕ
ತಾ. ೩೧ ಜುಲೈ ೧೯೩೮

ಚಿ. ತಾಯವ್ವಳಿಗೆ ಅವ್ವನ ಆಶೀರ್ವಾದ.

ನಮ್ಮ ಓಣಿಯ ಉದ್ದಪ್ಪನ ಕೈಯಲ್ಲಿ ಹೇಳಿಕಳಿಸಿದ ಸುದ್ದಿ ಮುಟ್ಟಿತೆಂದು ನಿನ್ನ ಪತ್ರದಿಂದ ತಿಳಿಯಿತು. ಕೂಸಿಗೆ ಜ್ವರವೆಂದು ಬರೆದಿದ್ದೀ. ಅಂಥದರಲ್ಲಿ ನೀನು ಬರುವುದು ಬೇಡ. ಹೊಳೆ ತುಂಬಿದೆ, ದಾರಿಯೂ ನೆಟ್ಟಗಿಲ್ಲ. ನಾನು ಬೇಗ ಬರೆಯಬೇಕಾಗಿತ್ತು. ದೌತಿ, ಲೇಖಣಿಕೆ ಮುಂದಿಟ್ಟುಕೊಂಡು ಕೂಡುತ್ತಿದ್ದೆ, ಕೂತಲ್ಲೇ ಹೊತ್ತು ಮುಳುಗುತ್ತಿತ್ತು. ಕ್ಷಮಿಸು.

ನೀನು ಎಲ್ಲವನ್ನೂ ಬಿಡಿಸಿ ಬರೆ ಎಂದದ್ದಕ್ಕೆ ಬರೆಯುತ್ತೇನೆ. ಪುನರ್ವಸು ಮಳೆ ಬಿಡದೆ ಹಿಡಿದಿತ್ತು. ಬೆಳಿಗ್ಗೆ ನಾನು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದೆ. ಭರಮವ್ವ ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆಯಿಂದ ಕೇಳುತ್ತಿತ್ತು. ಮಾಳಪ್ಪ ಗಿರಣಿಯ ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತು. ಮಾಳಿಗೆ ಬೀಳುವಾಗ ದೊಡ್ಡ ಸದ್ದೇನೂ ಆಗಲಿಲ್ಲ. ದಣಿದ ಎತ್ತು ಮೊಳಕಾಲೂರಿ ಕೂತರೆ ಹೇಗೋ ಹಾಗೆ ಆಯಿತು. ಆಮೇಲೆ ರೊಟ್ಟಿಯ ಸಪ್ಪಳ ಇರಲಿಲ್ಲ.

ಓಣಿಯವರೆಲ್ಲ ಬಂದರು, ಸಲಿಕೆ ತಂದರು. ನಡುವೆ ಮಾಳಪ್ಪ ಬಂದ. ಅವನು ನನ್ನ ಕಡೆ ನೋಡಿ, "ಆಕಿ ಎಲ್ಲಿ ಅದಾಳ್ರಿ ಅವ್ವಾರ?" ಎಂದು ಕೇಳಿದ. ನಾನು ಕೈ ಮಾಡಿ ತೋರಿಸಿದೆ. ಅವನು ತಲೆಯ ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟು ಅಗೆಯಲು ಹೋದ. ಅವಳನ್ನು ತೆಗೆದಾಗ ಜೀವ ಇರಲಿಲ್ಲ. ಕೈಗೆ ಹಿಟ್ಟು ಹಾಗೇ ಮೆತ್ತಿತ್ತು. ಸಂಜೆಗೆ ಅವರ ಮಂದಿ ಬಂದು ಮಣ್ಣು ಮಾಡಿದರು.

ಅಗೆದ ಜಾಗದಲ್ಲಿ ನಿಂತು ನೋಡಿದರೆ ಮಾಳಿಗೆಯ ಮಣ್ಣು ತೊಡೆಯುದ್ದ ದಪ್ಪವಿತ್ತು. ಒಂದೊಂದು ವರ್ಷದ್ದು ಒಂದೊಂದು ಪದರ, ಒಟ್ಟಿದ ರೊಟ್ಟಿಯ ಹಾಗೆ ಎಣಿಸಬಹುದಿತ್ತು. ಸೋರಿತೆಂದರೆ ಹಾಕಿದೆವು, ಸೋರಬಾರದೆಂದು ಹಾಕಿದೆವು. ಹಳೆಯದನ್ನು ತೆಗೆದವರಿಲ್ಲ. ಮನೆ ಕೆಡಹುವವರಷ್ಟೇ ಮಾಳಿಗೆ ಮಣ್ಣು ಇಳಿಸುತ್ತಾರೆ, ನಿಂತ ಮನೆಯ ಮೇಲಿನಿಂದ ಒಂದು ಬುಟ್ಟಿಯನ್ನೂ ಇಳಿಸಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಈ ಓಣಿಯ ಮನೆಮನೆಯಲ್ಲೂ ಹೀಗೆಯೇ ಹೇಳುತ್ತಾರೆ. ಈಗ ಎಲ್ಲರೂ ತಮ್ಮ ತಮ್ಮ ಮಾಳಿಗೆಯನ್ನು ತಲೆಯೆತ್ತಿ ನೋಡುತ್ತಿದ್ದಾರೆ, ಆದರೆ ಇಳಿಸಲು ಯಾರಿಗೂ ಧೈರ್ಯವಿಲ್ಲ.

ಇನ್ನು ನೀನು ಕೇಳಿದ ವಿಮೆಯ ವಿಷಯ. ನಿನ್ನ ಕಾಕಾ ದುಂಡಪ್ಪ ಸುದ್ದಿ ಕೇಳಿ ಮೂಡಲಗಿಯಿಂದ ಬಂದ. ವ್ಯಾಪಾರ ಬಿಟ್ಟು ಬಂದು ಉಳಿದ, ಅದರಲ್ಲಿ ನಾನು ತಪ್ಪು ಹುಡುಕುವುದಿಲ್ಲ. ಬಿದ್ದ ಮನೆಯಲ್ಲಿ ಅಡ್ಡಾಡಿ ಒಂದು ಜಂತಿಯನ್ನು ಎಳೆದು ತಂದು ನನ್ನ ಮುಂದೆ ಹಾಕಿದ. ಒಲೆಯ ಮೇಲೆ ಬಿದ್ದ ಜಂತಿ, ಒಂದು ಬದಿ ಕರ್ರಗೆ ಸುಟ್ಟಿತ್ತು. ಕೆಂಡದ ಮೇಲೆ ಬಿದ್ದು ಮಣ್ಣೊಳಗೆ ಹೊಗೆಯಾಡಿದ್ದನ್ನು ನಾವೆಲ್ಲ ನೋಡಿದ್ದೆವು.

"ವೈನಿ, ಇದನ್ನ ನೋಡ್ರಿ. ಒಲಿ ಉರೀತಿತ್ತೋ ಇಲ್ಲೋ? ಜಂತಿ ಸುಟ್ಟೈತೋ ಇಲ್ಲೋ? ಮೊದಲ ಒಲೀದು ಕಿಡಿ ಹಾರಿ ಜಂತಿಗಿ ಬೆಂಕಿ ಹತ್ತೇತಿ, ಆಮ್ಯಾಲ ಮ್ಯಾಳಿಗಿ ಬಿದ್ದೈತಿ. ಹಿಂದ ಮುಂದ ಮಾಡಿ ಹೇಳೂದು ಇಷ್ಟ. ಕಂಪನಿಯವ್ರು ಕಟ್ಟಡದ್ದೂ ಕೊಡ್ತಾರ, ಬಾಡಿಗೀದೂ ಕೊಡ್ತಾರ."

"ಹಂಗಾರ ತಪ್ಪು ಯಾರದಾತು?" ಎಂದು ಕೇಳಿದೆ.

"ತಪ್ಪಿನ ಮಾತ ಯಾಕ್ರಿ? ಸತ್ತವರಿಗಿ ಅದೇನ ಚುಚ್ಚತೈತೇನು? ಮಾಳಪ್ಪಗೂ ಅದರಾಗ ಒಂದಿಷ್ಟು ಕೊಡೂಣು. ಬಡವ, ಹೆಂಡ್ತೀನ ಕಳಕೊಂಡಾನ."

ಮಾಳಪ್ಪ ಕಟ್ಟೆಯ ಮೇಲೆ ಕೂತಿದ್ದ. ದುಂಡಪ್ಪ ಅವನ ಕಡೆ ತಿರುಗಿದ. ಅವನು ನನ್ನ ಕಡೆ ತಿರುಗಿದ. "ನೀವ್ ಏನ ಅಂತೀರಿ, ನಾನೂ ಅದನ್ನ ಅಂತೇನ್ರಿ ಅವ್ವಾರ" ಎಂದ. ಅವನ ದನಿಯಲ್ಲಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ.

ಅಳಿಯಂದಿರೂ ಇದೇ ಅಭಿಪ್ರಾಯದವರೆಂದು ನೀನು ಬರೆದಿದ್ದೀ. ಒಲೆ ಉರಿಯುತ್ತಿದ್ದದ್ದು ಖರೆ ಇರುವುದರಿಂದ ಇದು ಪೂರಾ ಸುಳ್ಳಲ್ಲ ಎಂದೂ ಬರೆದಿದ್ದೀ. ನನಗೆ ತಿಳಿಯುತ್ತದೆ, ತಾಯವ್ವ. ಬೆಂಕಿ ಎಂದರೆ ಮನೆ ಏಳುತ್ತದೆ, ನನ್ನ ಹೊಟ್ಟೆಯ ದಾರಿ ಉಳಿಯುತ್ತದೆ. ಮಾಳಿಗೆ ಎಂದರೆ ಮಣ್ಣಿನ ಗುಡ್ಡೆ ಉಳಿಯುತ್ತದೆ. ಆದರೆ ಬೆಂಕಿ ಎಂದ ಮೇಲೆ, ಒಲೆ ಕಾಯಲು ಬಾರದೆ ಪರರ ಮನೆ ಸುಟ್ಟು ತಾನೂ ಸತ್ತ ಹೆಂಗಸು ಎಂದು ಭರಮವ್ವನ ಹೆಸರು ಉಳಿಯುತ್ತದೆ. ಗೋಕಾಕದಲ್ಲಿ ಇಂಥ ಮಾತು ಒಂದು ಸಲ ಹುಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ಸಾಯುವುದಿಲ್ಲ. ಕಂಪನಿಯ ಸಾಹೇಬ ಶ್ರಾವಣ ಕಳೆದು ಬರುತ್ತಾನಂತೆ. ಅಲ್ಲಿಯವರೆಗೆ ಏನನ್ನೂ ಕದಲಿಸಬೇಡಿ ಎಂದು ಶಿದ್ರಾಮ ಕಾಗದ ಹಾಕಿದ್ದಾನೆ. ಕದಲಿಸುವ ಮನಸ್ಸು ಇಲ್ಲಿ ಯಾರಿಗೂ ಇಲ್ಲ.

ನಾನು ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತದೆ. ಕೂತಲ್ಲೇ ಕೂತು ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಎದೆಗೂ ಹಿಡಿದಿದೆ. ಮುಟ್ಟಿದರೆ ನನ್ನದೆನ್ನಿಸುವುದಿಲ್ಲ. ಕೂಸಿನ ಜ್ವರ ಇಳಿದ ಕೂಡಲೇ ಬರೆ.

ನಿನ್ನ ಅವ್ವ
ಬಾಳವ್ವ

*

ಗೋಕಾಕ
ತಾ. ೧೮ ಸೆಪ್ಟೆಂಬರ್ ೧೯೩೮

ಚಿ. ಸೌ. ತಾಯವ್ವಳಿಗೆ ಅವ್ವ ಮಾಡುವ ಆಶೀರ್ವಾದಗಳು. ಕೂಸು ಗುಣವಾಯಿತೆಂದು ಓದಿ ಸಮಾಧಾನವಾಯಿತು. ನಿನ್ನ ಹಿಂದಿನ ಪತ್ರಗಳಿಗೂ ಸೇರಿಸಿ ಇದರಲ್ಲೇ ಉತ್ತರ ಬರೆಯುತ್ತಿದ್ದೇನೆ. ತಡಮಾಡುವುದು ನನ್ನ ಚಾಳಿಯಾಗಿಬಿಟ್ಟಿದೆ. ಮಗಳಾದದ್ದರಿಂದ ಹೊಟ್ಟೆಗೆ ಹಾಕಿಕೊ.

ಕಂಪನಿಯ ಸಾಹೇಬ ಬಂದುಹೋದ. ಪುಣೆಯ ಮನುಷ್ಯ, ಮರಾಠಿ ಬಿಟ್ಟು ಆಡುವುದಿಲ್ಲ. ಶಿದ್ರಾಮ ಅವನ ಮಾತನ್ನು ನಮಗೆ, ನಮ್ಮದನ್ನು ಅವನಿಗೆ ಮುಟ್ಟಿಸುತ್ತಿದ್ದ. ಆ ದಿನವೂ ಕೋಟು ಅದೇ. ದುಂಡಪ್ಪ ಬೆಳಿಗ್ಗೆಯೇ ಬಂದು ಸುಟ್ಟ ಜಂತಿಯನ್ನು ಒಲೆಯ ಮೇಲೆ, ಯಾರಿಗಾದರೂ ಕಣ್ಣಿಗೆ ಬೀಳುವ ಹಾಗೆ, ಮತ್ತೆ ಇಟ್ಟಿದ್ದ. ಮಾಳಪ್ಪ ಕಟ್ಟೆಯ ಮೇಲೆ ಕೂತಿದ್ದ. ಸಾಹೇಬ ಜಂತಿ ನೋಡಿದ, ಮಣ್ಣು ನೋಡಿದ, ಮಣ್ಣಿನ ಪದರಕ್ಕೆ ಛತ್ರಿಯ ತುದಿ ಹಚ್ಚಿ ಅಳೆದ. ಆಮೇಲೆ ಕುರ್ಚಿಯಲ್ಲಿ ಕೂತು ನನ್ನನ್ನು ಕರೆಸಿದ.

"ಮೊದಲ ಬೆಂಕಿ ಹತ್ತಿತೋ, ಮೊದಲ ಮ್ಯಾಳಿಗಿ ಬಿತ್ತೋ ಅಂತ ಕೇಳಾಕತ್ತಾರ್ರಿ ಅವ್ವಾರ" ಎಂದ ಶಿದ್ರಾಮ.

ದುಂಡಪ್ಪ ಹಿಂದೆ ನಿಂತು ಕೆಮ್ಮಿದ. ಅವನಿಗೆ ನೆಗಡಿ ಇರಲಿಲ್ಲ.

"ಮ್ಯಾಳಿಗಿ" ಎಂದೆ.

"ಒಲಿ ಉರೀತಿತ್ತು ಅಂತಾರಲ್ರಿ?"

"ಒಲಿ ಉರೀದ ರೊಟ್ಟಿ ಆಗ್ತಾವೇನಪಾ?"

ಶಿದ್ರಾಮ ಅದನ್ನು ಸಾಹೇಬನಿಗೆ ಹೇಗೆ ಹೇಳಿದನೋ, ಸಾಹೇಬ ನಗಲಿಲ್ಲ. ಬರೆದುಕೊಂಡು ಇನ್ನೊಂದು ಕೇಳಿದ. ಮಾಳಿಗೆಗೆ ಇಷ್ಟು ಮಣ್ಣು ಹಾಕಿದವರು ಯಾರು, ಬಾಡಿಗೆಯವರೇ? ಇದು ನನಗೆ ಹೊಳೆದಿರಲಿಲ್ಲ ನೋಡು. ಬೆಂಕಿ ಎಂದರೂ ಭರಮವ್ವ, ಮಣ್ಣು ಎಂದರೂ ಭರಮವ್ವ. ಏಕೆಂದರೆ ಬುಟ್ಟಿ ಹೊತ್ತು ತುಳಿದವಳು ಅವಳೇ ಹೌದು, ಓಣಿಯವರೆಲ್ಲ ಅದನ್ನು ನೋಡಿದವರು. ಕಾಗದದಲ್ಲಿ ಅವಳ ಹೆಸರು ಬರೆದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ದುಂಡಪ್ಪ ಬಾಯಿ ತೆಗೆದೇಬಿಟ್ಟ: "ಹೌದ್ರಿ, ಆಕೀನ..."

"ಮಣ್ಣು ನಾ ತರಸಿದ್ದು, ನಾ ಹಾಕಸಿದ್ದು" ಎಂದೆ. "ಮನಿ ನಂದು, ಮ್ಯಾಳಿಗಿ ನಂದು. ನನ್ನ ಹೆಸರು ಬರ್ಕೊಳ್ಳಾಕ ಹೇಳು. ಬಾಳವ್ವ, ವಯಸ್ಸು ಐವತ್ತೆರಡು."

ಸಾಹೇಬ ಬರೆದುಕೊಂಡ. ಕಂಪನಿಯಿಂದ ಏನೂ ಬರುವುದಿಲ್ಲ. ಕಟ್ಟಡಕ್ಕೂ ಇಲ್ಲ, ಬಾಡಿಗೆಗೂ ಇಲ್ಲ. ಮಾಲಕರ ಅಲಕ್ಷ್ಯದಿಂದ ಬಿದ್ದದ್ದು ಎಂದು ಷರಾ ಹಾಕಿದ್ದಾನಂತೆ. ಶಿದ್ರಾಮ ಹೋಗುವಾಗ ಬಾಗಿಲಲ್ಲಿ ನಿಂತು, "ಅವ್ವಾರ, ನೀವು ಒಂದ ಮಾತು ಕಡಿಮಿ ಆಡಿದ್ರ ಸಾಕಿತ್ರಿ" ಎಂದ. ಅವನಿಗೆ ಕೆಡುಕು ಅನಿಸಿತ್ತು, ಪಾಪ. ಮಜ್ಜಿಗೆ ಕೊಡಲು ನನಗೆ ನೆನಪಾಗಲಿಲ್ಲ.

ದುಂಡಪ್ಪ ಚಹಾ ಕುಡಿಯದೆ ಮೂಡಲಗಿಯ ಹಾದಿ ಹಿಡಿದ. ಬೆನ್ನು ತಿರುಗಿಸುವ ಮೊದಲು, "ಅಣ್ಣ ಸಾಲಿ ಕಲಿಸಿ ಸತ್ತ, ನೀವು ಕಲ್ತದ್ದು ಇಷ್ಟ ಏನ್ರಿ" ಎಂದು ಹೋದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮಾಳಪ್ಪ ಮಾತ್ರ ಕೂತೇ ಇದ್ದ. ಬಿಸಿಲು ಕಟ್ಟೆಯಿಂದ ಇಳಿದ ಮೇಲೆ ಎದ್ದು ಬಂದ. ಅವನು ಒಂದು ಒಳ್ಳೆಯ ಮಾತು ಆಡುತ್ತಾನೆಂದು ನನ್ನ ಮನಸ್ಸಿನಲ್ಲಿ ಎಲ್ಲೋ ಇತ್ತೆಂದು ಕಾಣುತ್ತದೆ. ಅವನು ನೆಲ ನೋಡುತ್ತ, "ನನಗ ರೊಕ್ಕ ಬೇಕಾಗಿತ್ರಿ ಅವ್ವಾರ" ಎಂದ. ಅಷ್ಟೇ. ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂತು ಎಂದು ಹೇಳುವ ಹಾಗೆ ಹೇಳಿದ. "ಹೌದಪಾ, ಗೊತ್ತೈತಿ" ಎಂದೆ. ಮಣ್ಣಿನಲ್ಲಿ ಸಿಕ್ಕ ಭಾಂಡೆಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಕಣಗಲೆಯಲ್ಲಿರುವ ತನ್ನ ಅಣ್ಣನ ಮನೆಗೆ ಹೋದ. ಗಿರಣಿಯ ಕೆಲಸ ಬಿಟ್ಟನಂತೆ. ನಾನು ಒಳ್ಳೆಯದು ಮಾಡಿದೆನೆಂದೂ ನನಗೆ ಅನಿಸಲಿಲ್ಲ, ಕೆಟ್ಟದ್ದು ಮಾಡಿದೆನೆಂದೂ ಅನಿಸಲಿಲ್ಲ. ಬಾಗಿಲು ಮುಂದೆ ಮಾಡಿ ಜೋಳ ಹಸನು ಮಾಡಲು ಕೂತೆ.

ಇನ್ನು ಮುಂದಿನ ಮಾತು. ನಿನ್ನ ಕಾಕಾನ ಸಿಟ್ಟು ಬಹಳ ದಿನ ಬಾಳಲಿಲ್ಲ. ಅವನಿಗೆ ಗೋಕಾಕದಲ್ಲಿ ಬೆಲ್ಲ ಇಡಲು ವಖಾರಿ ಬೇಕಾಗಿದೆ, ಆದ್ದರಿಂದ ಮತ್ತೆ ವೈನಿಯ ನೆನಪಾಗಿದೆ. ಬಿದ್ದ ಮನೆಯ ಗೋಡೆಗಳು ಗಟ್ಟಿ ಇವೆ. ಉಳಿದ ತೊಲೆ ಹಾಕಿ, ಮೇಲೆ ತಗಡು ಹೊದಿಸಿ ಕೊಟ್ಟರೆ ತಾನೇ ಬಾಡಿಗೆಗೆ ಹಿಡಿಯುತ್ತೇನೆ, ತಗಡೂ ತಾನೇ ತರುತ್ತೇನೆ, ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಎಂದಿದ್ದಾನೆ. ಒಪ್ಪಿದ್ದೇನೆ. ಹೊಟ್ಟೆ ನಡೆಯಬೇಕಲ್ಲ.

ಅದಕ್ಕೂ ವಿಮೆ ಇಳಿಸಿರಿ, ಈ ಸಲ ಯೋಚಿಸಿ ಆರಿಸಿರಿ ಎಂದು ಅಳಿಯಂದಿರು ಬರೆದಿದ್ದಾರೆ. ಯೋಚಿಸಿದ್ದೇನೆಂದು ಹೇಳು. ಕಟ್ಟಡಕ್ಕೆ ಬೆಂಕಿಯದು ಇರಲಿ, ಹಿಂದೆ ಹತ್ತಿ ಇದೆ. ಬೆಲ್ಲ ನನ್ನದಲ್ಲ, ಅದಕ್ಕೆ ಬೇಕಾದರೆ ದುಂಡಪ್ಪ ಇಳಿಸಿಕೊಳ್ಳಲಿ. ಬಾಡಿಗೆಯದು ಬಿಡುತ್ತೇನೆ. ನಿನ್ನ ಕಾಕಾ ಬೆಂಕಿ ಇಲ್ಲದೆಯೂ ಬಾಡಿಗೆ ನಿಲ್ಲಿಸಬಲ್ಲವನು, ಅದಕ್ಕೆ ಯಾವ ಕಂಪನಿಯಲ್ಲೂ ವಿಮೆ ಇರಲಿಕ್ಕಿಲ್ಲ. ಗಿರಣಿಯವರೊಬ್ಬರು ಸಂಸಾರಕ್ಕೆ ಮನೆ ಕೊಡುತ್ತೀರಾ ಎಂದು ಕೇಳಿಕೊಂಡು ಬಂದಿದ್ದರು. ಇಲ್ಲವೆಂದೆ. ಅಲ್ಲಿ ಇನ್ನು ಬೆಲ್ಲ ಇರಲಿ, ಮನುಷ್ಯರು ಬೇಡ. ಇದರ ಬಗ್ಗೆ ನನಗೆ ತಿಳಿಸಿ ಹೇಳಿ ಬರೆಯಬೇಡಿ.

ಮಾನವಮಿ ಹಬ್ಬಕ್ಕೆ ಬರಲು ಆದರೆ ಬಾ. ಶಾವಿಗೆಯ ಗಂಟು ಇನ್ನೂ ಇಲ್ಲೇ ಇದೆ, ಇಲಿಗಳಿಗಿಂತ ಮೊದಲು ನೀನು ಬಂದರೆ ಒಳ್ಳೆಯದು. ನಿನ್ನ ಮನೆ ತುಂಬಿರಲಿ, ನಿನ್ನ ಕೂಸುಗಳು ಗಟ್ಟಿಮುಟ್ಟಾಗಿ ಬೆಳೆಯಲಿ. ಅಳಿಯಂದಿರ ಆರೋಗ್ಯಕ್ಕೂ ನನ್ನ ಹರಕೆ.

ನಿನ್ನ ಅವ್ವ
ಬಾಳವ್ವ

ತಾ. ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ.

ತಾಯವ್ವ, ಇಷ್ಟು ದಿನ ಮಂದಿ ಬರುತ್ತಲೇ ಇದ್ದಾರೆ. ಎಲ್ಲರೂ ನನ್ನ ಕೈ ಹಿಡಿದು, ಮನೆ ಹೋಯಿತಲ್ಲ ಬಾಳವ್ವ, ಎಂಥ ಲುಕ್ಸಾನ ಆಯಿತು ಎನ್ನುತ್ತಾರೆ. ನಾನು ಹೌದೆಂದು ತಲೆ ಆಡಿಸುತ್ತೇನೆ. ಭರಮವ್ವ ಹೋದಳಲ್ಲ ಎಂದು ನನ್ನ ಮುಂದೆ ಒಬ್ಬರೂ ಹೇಳಿಲ್ಲ. ಅವಳನ್ನು ಹೊರಗೆ ಮಲಗಿಸಿದಾಗ ಅವರ ಹೆಂಗಸರು ಸುತ್ತಲೂ ಕೂತು ಹಾಡಿ ಅತ್ತರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಸರಿದು ನನಗೆ ಜಾಗ ಯಾರೂ ಬಿಡಲಿಲ್ಲ, ಬಿಡಬೇಕೆಂದು ಅವರಿಗೆ ತಿಳಿಯುವುದಾದರೂ ಹೇಗೆ? ನಾನು ಮನೆಯ ಮಾಲಕಿ. ಕೂತು ಅಳಲು ನಾನು ಅವಳಿಗೆ ಏನಾಗಬೇಕು? ಆ ದಿನ ನಿಂತ ಅಳು ಇನ್ನೂ ಬಂದಿಲ್ಲ.

ನಿನ್ನ ಅಪ್ಪ ಹೋದ ವರ್ಷ ನಾನು ಹಾಸಿಗೆ ಬಿಟ್ಟು ಏಳದಿದ್ದಾಗ ನಿನ್ನ ತಲೆ ಹಿಕ್ಕಿ ಸಾಲಿಗೆ ಕಳಿಸಿದವಳು ಅವಳು. ನಿನ್ನ ಲಗ್ನವಾಗಿ ನೀನು ಹುಕ್ಕೇರಿಗೆ ಹೋದ ದಿನ ಬಂಡಿಯ ಹಿಂದೆ ಊರಾಚೆಯವರೆಗೆ ಬಂದವಳೂ ಅವಳೇ. ನಾನು ಮನೆಯಲ್ಲೇ ಉಳಿದಿದ್ದೆ, ವಿಧವೆ ಎದುರು ಬರಬಾರದೆಂದು.

ನಿನ್ನ ಪತ್ರಗಳನ್ನೆಲ್ಲ ಇವತ್ತು ಮತ್ತೆ ಓದಿದೆ. ವಿಮೆಯ ಮಾತಿದೆ, ಜಂತಿಯ ಮಾತಿದೆ, ಬಾಡಿಗೆಯ ಮಾತಿದೆ, ನನ್ನ ಊಟ ನಿದ್ದೆಯ ಮಾತೂ ಇದೆ. ಅವಳ ಹೆಸರು ಎಲ್ಲೂ ಇಲ್ಲ. ಮುಂದಿನ ಪತ್ರದಲ್ಲಿ ಭರಮವ್ವ ಸತ್ತಳು ಎಂದು ನನಗೆ ಒಂದು ಸಲ ಬರೆ. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.